ರಿಫಂಡ್ ಅಲ್ಲ ಸ್ವಾಮಿ, ಸಂಚಕಾರ

"ಫುಲ್ ರಿಫಂಡ್ ಆಗಿದೆಯಲ್ಲ ಸಾರ್, ಇನ್ನೇನು ಪ್ರಾಬ್ಲಮ್ಮು?"

ಈ ಒಂದು ವಾಕ್ಯದ ಮೇಲೆ ನನಗಿರುವಷ್ಟು ಸಿಟ್ಟು ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲೂ ಇಲ್ಲ. ಎರಡು ತಿಂಗಳು ಮೊದಲೇ ದುಡ್ಡು ಕಟ್ಟಿ ಕಾದಿರಿಸಿದ ರೂಮನ್ನು ಹೋಟೆಲಿನವರು ನಾವು ಹೊರಡುವ ಹಿಂದಿನ ದಿನ ರದ್ದು ಮಾಡುತ್ತಾರೆ. ಯಾಕೆ ಅಂತ ಫೋನ್ ಮಾಡಿದರೆ ಕಾಲ್ ಸೆಂಟರಿನಿಂದ ಈ ವಾಕ್ಯ ಉದುರುತ್ತದೆ. ಹೇಳುವ ಧಾಟಿ ನೋಡಬೇಕು, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ. ನಮ್ಮ ದುಡ್ಡನ್ನು ನಮಗೇ, ಅದೂ ಐದರಿಂದ ಏಳು 'ವರ್ಕಿಂಗ್ ಡೇಸ್' ಬಿಟ್ಟು, ಬಡ್ಡಿಯಿಲ್ಲದೆ ವಾಪಸ್ ಕೊಡುವುದು ಉಪಕಾರವಂತೆ. ಅದೇ ನಾವು ಹಿಂದಿನ ದಿನ ರದ್ದು ಮಾಡಿದರೆ? ಮಗುವಿಗೆ ಜ್ವರ ಬಂದಿರಲಿ, ಮನೆಯಲ್ಲಿ ಸಾವಾಗಿರಲಿ, ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುವುದು ಒಂದೇ: ನಾನ್ ರಿಫಂಡಬಲ್. ಆಗ ಯಾರೂ ನಮ್ಮನ್ನು 'ಇನ್ನೇನು ಪ್ರಾಬ್ಲಮ್ಮು' ಅಂತ ಕೇಳುವುದಿಲ್ಲ.

ಇದು ವ್ಯಾಪಾರ ಅಲ್ಲ. ವ್ಯಾಪಾರದಲ್ಲಿ ಮಾತು ಮುರಿದವನಿಗೆ ದಂಡ ಇರುತ್ತದೆ, ಅವನು ಕೊಳ್ಳುವವನಾಗಲಿ ಮಾರುವವನಾಗಲಿ. ಇಲ್ಲಿ ದಂಡ ಒಂದೇ ಕಡೆಗಿದೆ. ರಿಫಂಡ್ ಎನ್ನುವುದು ಪರಿಹಾರ ಅಲ್ಲವೇ ಅಲ್ಲ ಎಂದು ನಾನು ವಾದ ಮಾಡುವುದಕ್ಕೆ ಹೊರಟಿದ್ದೇನೆ. ಓದುತ್ತಿರುವ ನೀವು ಮುಂದಿನ ಲಾಂಗ್ ವೀಕೆಂಡಿಗೆ ಎಲ್ಲೋ ಬುಕ್ ಮಾಡಿರುತ್ತೀರಿ ಎಂಬ ಭರವಸೆಯಿಂದಲೇ ಬರೆಯುತ್ತಿದ್ದೇನೆ.

ಮೊದಲು ಅವರು ರದ್ದು ಮಾಡುವುದು ಯಾಕೆ ಅಂತ ನೋಡೋಣ. ನಾನು ಸಾಫ್ಟ್‌ವೇರ್ ಇಂಜಿನಿಯರ್, ಡಬಲ್ ಬುಕಿಂಗ್ ಹೇಗಾಗುತ್ತದೆ ಅಂತ ಚೆನ್ನಾಗಿ ಗೊತ್ತು. ಒಂದೇ ರೂಮನ್ನು ನಾಲ್ಕು ಆ್ಯಪ್‌ಗಳಲ್ಲಿ ಮಾರಾಟಕ್ಕೆ ಇಟ್ಟಿರುತ್ತಾರೆ. ದೊಡ್ಡ ಹೋಟೆಲುಗಳಲ್ಲಿ ಚಾನೆಲ್ ಮ್ಯಾನೇಜರ್ ಎನ್ನುವ ತಂತ್ರಾಂಶ ಇರುತ್ತದೆ; ಒಂದು ಕಡೆ ರೂಮ್ ಹೋದ ಕೂಡಲೇ ಉಳಿದ ಮೂರು ಕಡೆ ಲೆಕ್ಕ ಇಳಿಸುತ್ತದೆ. ಸಣ್ಣ ಲಾಡ್ಜು, ಹೋಮ್‌ಸ್ಟೇಗಳಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು, ಒಂದು ವಾಟ್ಸ್ಆ್ಯಪ್ಪು, ಮಾಲೀಕನ ನೆನಪಿನ ಶಕ್ತಿ, ಇಷ್ಟರಲ್ಲೇ ನಡೆಯುತ್ತದೆ. ಒಂದೇ ರೂಮ್ ಇಬ್ಬರಿಗೆ ಹೋಗುವುದು ಆಶ್ಚರ್ಯವಲ್ಲ. ಆದರೆ ಇಂಥ ತಪ್ಪು ಬುಕಿಂಗ್ ಆದ ದಿನವೇ, ಹೆಚ್ಚೆಂದರೆ ಮರುದಿನ ಗೊತ್ತಾಗುತ್ತದೆ. ಆಗಲೇ ಹೇಳಿದರೆ ಯಾರಿಗೂ ಅಷ್ಟೇನೂ ನಷ್ಟವಿಲ್ಲ. ಎರಡು ತಿಂಗಳು ಸುಮ್ಮನಿದ್ದು, ಎಲ್ಲಾ ಕಡೆ ರೂಮ್ ಭರ್ತಿಯಾಗಿ ದರ ಎರಡರಷ್ಟಾದ ಸಂಜೆ 'ಟೆಕ್ನಿಕಲ್ ಎರರ್ ಸಾರ್' ಅನ್ನುವುದಿದೆಯಲ್ಲ, ಅದು ಟೆಕ್ನಿಕಲ್ಲೂ ಅಲ್ಲ, ಎರರ್ರೂ ಅಲ್ಲ.

2023ರ ವಿಶ್ವಕಪ್ಪಿನಲ್ಲಿ ಅಹಮದಾಬಾದಿನ ಭಾರತ–ಪಾಕಿಸ್ತಾನ ಪಂದ್ಯ ನೆನಪಿದೆಯಾ? ವೇಳಾಪಟ್ಟಿ ಪ್ರಕಟವಾದ ಕೂಡಲೇ ಅಲ್ಲಿನ ಹೋಟೆಲ್ ದರಗಳು ಆಕಾಶಕ್ಕೇರಿದವು. ಆಮೇಲೆ ಪಂದ್ಯ ಅಕ್ಟೋಬರ್ 15ರಿಂದ 14ಕ್ಕೆ ಬಂತು, ಬುಕ್ ಮಾಡಿದವರೆಲ್ಲ ಮತ್ತೆ ಪರದಾಡಿದರು. ದರ ಏರಿಸುವುದು ಹೋಟೆಲಿನವರ ಹಕ್ಕು, ನನ್ನ ತಕರಾರಿಲ್ಲ. ಆದರೆ ದರ ಏರುವ ಮುಂಚೆ ಒಬ್ಬನಿಗೆ ಮಾರಿ ದುಡ್ಡು ತೆಗೆದುಕೊಂಡಾದ ಮೇಲೆ, ಏರಿದ ದರಕ್ಕೆ ಇನ್ನೊಬ್ಬನಿಗೆ ಮಾರುವ ಹಕ್ಕು ಯಾರಿಗೂ ಇಲ್ಲ. ಮಾರಿದ ಮೇಲೆ ಆ ರಾತ್ರಿಯ ಮಟ್ಟಿಗೆ ಆ ರೂಮು ಅವರದ್ದಲ್ಲ.

ನನ್ನ ಕಥೆ ಇದಕ್ಕಿಂತ ಸಣ್ಣದು. 2024ರ ಜನವರಿ 26 ಶುಕ್ರವಾರ ಬಂದಿತ್ತು, ಮೂರು ದಿನ ರಜೆ. ಅಪ್ಪ ಅಮ್ಮನಿಗೆ ಮಡಿಕೇರಿ ತೋರಿಸಬೇಕು ಅಂತ ಡಿಸೆಂಬರಿನ ಮೊದಲ ವಾರವೇ ಒಂದು ಹೋಮ್‌ಸ್ಟೇಯಲ್ಲಿ ಎರಡು ರೂಮು, ಎರಡು ರಾತ್ರಿಗೆ ಬುಕ್ ಮಾಡಿದೆ. ಒಟ್ಟು 11,600 ರೂಪಾಯಿ, ಪೂರ್ತಿ ಮುಂಗಡ. ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ತೋಟ, ಎರಡು ಕರೆಯುವ ಹಸು. ಕರಾವಿರುವ ಮನೆಯವರು ಮೂರು ದಿನ ಊರು ಬಿಡುವುದೆಂದರೆ ನಮ್ಮ ಹಾಗೆ ಲೀವ್ ಅಪ್ಲೈ ಮಾಡಿದಷ್ಟು ಸಲೀಸಲ್ಲ. ಹಾಲು ಕರೆಯುವುದಕ್ಕೆ, ಡೇರಿಗೆ ಹಾಕುವುದಕ್ಕೆ, ಹುಲ್ಲು ನೀರು ನೋಡುವುದಕ್ಕೆ ಪಕ್ಕದ ಮನೆಯವರನ್ನು ವಾರದಿಂದ ಒಪ್ಪಿಸಿ, ಅವರ ಮನೆ ಕೆಲಸಕ್ಕೆ ಮುಯ್ಯಿಗೆ ಹೋಗುತ್ತೇವೆ ಅಂತ ಮಾತು ಕೊಟ್ಟು, 25ರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಬೆಂಗಳೂರಿಗೆ ಬಂದಿದ್ದರು. ಅಮ್ಮ ದಾರಿಗೆ ಅಂತ ಒಂದು ಡಬ್ಬಿ ಕೋಡುಬಳೆ ಬೇರೆ ತಂದಿದ್ದಳು. ಸಂಜೆ 4 ಗಂಟೆ 40 ನಿಮಿಷಕ್ಕೆ ಮೆಸೇಜು: ನಿಮ್ಮ ಬುಕಿಂಗನ್ನು ಪ್ರಾಪರ್ಟಿಯವರು ರದ್ದು ಮಾಡಿದ್ದಾರೆ, ಪೂರ್ತಿ ಹಣ ಮರಳಿಸಲಾಗುವುದು, ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಪಕ್ಕದ ಸೀಟಿನ ಸಹೋದ್ಯೋಗಿಯ ಫೋನಿನಲ್ಲಿ ಅದೇ ಆ್ಯಪ್ ತೆರೆಸಿದೆ. ಅದೇ ಹೋಮ್‌ಸ್ಟೇ, ಅದೇ ರೂಮು, ಅದೇ ಕಿಟಕಿಯ ಫೋಟೋ, ಅದೇ ಎರಡು ರಾತ್ರಿ ಲಭ್ಯ. ನನಗೆ ರೂಮೊಂದಕ್ಕೆ ರಾತ್ರಿಗೆ 2,900 ಬಿದ್ದಿತ್ತು, ಈಗ 6,800. ಕೆಳಗೆ 'ಬೇಗ ಮಾಡಿ, 2 ರೂಮ್ ಮಾತ್ರ ಉಳಿದಿವೆ' ಅಂತ ಮಿನುಗುತ್ತಿತ್ತು. ಉಳಿಯದೆ ಇನ್ನೇನು, ಆ ಎರಡೂ ನನ್ನವೇ.

ರಾತ್ರಿ ಒಂಬತ್ತಕ್ಕೆ ಕುಶಾಲನಗರದಲ್ಲಿ ಹೇಗೋ ಬೇರೆ ಕಡೆ ಎರಡು ರೂಮು ಸಿಕ್ಕವು, 21,400 ರೂಪಾಯಿಗೆ. ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಅಲ್ಲ ಕಣೋ, ಸಂಚಕಾರ ಕೊಟ್ಟಿದ್ದೆ ತಾನೆ?"

"ಸಂಚಕಾರ ಏನು ಬಂತಪ್ಪ, ಪೂರ್ತಿ ದುಡ್ಡೇ ಕಟ್ಟಿದ್ದೆ. ವಾಪಸ್ ಕೊಡ್ತಾರೆ."

"ಬರೀ ಅಷ್ಟೇ ಕೊಟ್ರೆ ಹೆಂಗೆ? ಎಲ್ಡರಷ್ಟು ಕೊಡ್ಬೇಕಲ್ಲ ಅವ್ರು?"

ಈಗಿನವರಿಗೆ ಸಂಚಕಾರ ಎಂದರೆ ಅಪಾಯ ಎನ್ನುವ ಅರ್ಥ ಮಾತ್ರ ಗೊತ್ತು. 'ಜೀವಕ್ಕೆ ಸಂಚಕಾರ' ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು. ಊರ ಕಡೆ ಅದರ ಮೂಲ ಅರ್ಥ ಇನ್ನೂ ಬದುಕಿದೆ: ವ್ಯಾಪಾರ ಕುದುರಿದ್ದಕ್ಕೆ ಗುರುತಾಗಿ ಕೊಡುವ ಮುಂಗಡ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನದ ಜಾತ್ರೆ ನಡೆಯುತ್ತದೆ. ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಾರೆ. ಕುದುರಿದ ಮೇಲೆ ಕೊಳ್ಳುವವನು ಒಂದಿಷ್ಟು ಸಂಚಕಾರ ಕೊಟ್ಟು, ಮಿಕ್ಕ ದುಡ್ಡು ಹೊಂದಿಸುವುದಕ್ಕೆ ಹೋಗುತ್ತಾನೆ. ಅವನು ಮಾತು ತಪ್ಪಿದರೆ ಸಂಚಕಾರ ಹೋಯಿತು. ಅಷ್ಟರಲ್ಲಿ ಇನ್ನೊಬ್ಬ ಬಂದು ಹೆಚ್ಚಿಗೆ ಕೊಡುತ್ತೇನೆ ಅಂದನೆಂದು ಮಾರುವವನೇ ಮಾತು ಮುರಿದರೆ, ತೆಗೆದುಕೊಂಡದ್ದರ ಎರಡರಷ್ಟು ಕಕ್ಕಬೇಕು. ಅಪ್ಪನ ತಲೆಯಲ್ಲಿದ್ದದ್ದು ಈ ಲೆಕ್ಕ.

ಇದು ತಿಪಟೂರಿನ ಹಳ್ಳಿಗರು ಕಟ್ಟಿಕೊಂಡ ಲೆಕ್ಕ ಅಂದುಕೊಳ್ಳಬೇಡಿ. ಸಂಸ್ಕೃತದ ಸತ್ಯಂಕಾರ ಎಂಬ ಮಾತೇ ಸವೆದು ಸಂಚಕಾರ ಆಗಿರುವುದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸತ್ಯಂಕಾರದ ವಸ್ತುವನ್ನು ಇಮ್ಮಡಿಯಾಗಿ ಕೊಡಿಸಬೇಕು ಎಂಬ ಮಾತಿದೆ. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ಇದನ್ನು ಬಿಡಿಸಿ ಹೇಳುತ್ತಾನೆ: ಉಂಗುರದಂಥ ವಸ್ತುವನ್ನು ಗುರುತಾಗಿ ಕೊಟ್ಟವನೇ ಮಾತು ಮೀರಿದರೆ ಅದನ್ನು ಕಳೆದುಕೊಳ್ಳುತ್ತಾನೆ, ತೆಗೆದುಕೊಂಡವನು ಮಾತು ಮೀರಿದರೆ ಅದರ ಇಮ್ಮಡಿ ಕೊಡಬೇಕು. ಸುಮಾರು ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಕೂತು ಬರೆದವನಿಗೆ ಹೊಳೆದಿದ್ದ ಸಮತೋಲ ಇವತ್ತಿನ 'ಟರ್ಮ್ಸ್ ಅಂಡ್ ಕಂಡಿಷನ್ಸ್' ಬರೆಯುವವರಿಗೆ ಹೊಳೆದಿಲ್ಲ. ಹೊಳೆದಿಲ್ಲ ಅನ್ನುವುದು ಸುಳ್ಳು. ಹೊಳೆದಿದೆ; ಸಂಚಕಾರದ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯ ಅರ್ಧವನ್ನು ಅಳಿಸಿದ್ದಾರೆ.

ಹಳೆಯ ಶಾಸ್ತ್ರ ಹಿಡಿದು ಇವತ್ತಿನ ಹೋಟೆಲಿಗೆ ಹೋಗಲಾಗುವುದಿಲ್ಲ ಅನ್ನುತ್ತೀರಾ, ಸರಿ. ಬ್ರಿಟಿಷರ ಕಾಲದ್ದಕ್ಕೆ ಬನ್ನಿ. 1872ರ ಭಾರತೀಯ ಕರಾರು ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರ 73ನೇ ಕಲಮಿನ ಮೊದಲ ಉದಾಹರಣೆಯೇ ಪೆಟ್ಲುಪ್ಪಿನದು. ಒಬ್ಬ 50 ಮಣ ಪೆಟ್ಲುಪ್ಪು ಮಾರುತ್ತೇನೆಂದು ಒಪ್ಪಿ ಕೈಕೊಡುತ್ತಾನೆ. ಆಗ ಕೊಳ್ಳುವವನಿಗೆ ಸಿಗಬೇಕಾದ್ದೇನು? ಒಪ್ಪಿದ ಬೆಲೆಗೂ, ಅದೇ ಗುಣಮಟ್ಟದ ಪೆಟ್ಲುಪ್ಪು ಆ ದಿನ ಬೇರೆ ಕಡೆ ಸಿಗುತ್ತಿದ್ದ ಬೆಲೆಗೂ ಇರುವ ವ್ಯತ್ಯಾಸ. ಪೆಟ್ಲುಪ್ಪಿನ ಜಾಗದಲ್ಲಿ ರೂಮು ಹಾಕಿ ಓದಿ. ನನಗೆ ಬರಬೇಕಾದ್ದು 11,600 ಮಾತ್ರ ಅಲ್ಲ, ಮೇಲೆ 9,800. ಇದರಲ್ಲಿ ದಯೆ, ಗುಡ್‌ವಿಲ್ಲು, ಕೂಪನ್ನು ಯಾವುದೂ ಬರುವುದಿಲ್ಲ. ಕೂಡುವ ಕಳೆಯುವ ಲೆಕ್ಕ ಅಷ್ಟೇ.

ಇನ್ನೂ ಹತ್ತಿರಕ್ಕೆ ಬರೋಣ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳನ್ನು ತಂದಿತು. ಅದರ 4ನೇ ನಿಯಮದ 8ನೇ ಉಪನಿಯಮವನ್ನು ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಬೇಕು. ತಾತ್ಪರ್ಯ ಹೀಗೆ: ಇ-ಕಾಮರ್ಸ್ ಸಂಸ್ಥೆ ತಾನೇ ಏಕಪಕ್ಷೀಯವಾಗಿ ಯಾವುದೇ ಕಾರಣಕ್ಕೆ ರದ್ದು ಮಾಡಿದಾಗ ಅಂಥದ್ದೇ ಶುಲ್ಕವನ್ನು ತಾನೂ ಹೊರುವುದಿಲ್ಲವಾದರೆ, ಗ್ರಾಹಕ ರದ್ದು ಮಾಡಿದಾಗ ಶುಲ್ಕ ಹಾಕುವಂತಿಲ್ಲ. ವಿಜ್ಞಾನೇಶ್ವರ ಸರ್ಕಾರಿ ಗೆಜೆಟ್ಟಿನಲ್ಲಿ ವಾಪಸ್ ಬಂದ ಹಾಗಿಲ್ಲವೇ? ಇದು ಜಾರಿಯಾಗಿ ಇಷ್ಟು ವರ್ಷವಾಯಿತು. ನಾನು ಕೇಳಿದ ಒಂದು ಡಜನ್ ಸಹೋದ್ಯೋಗಿಗಳಲ್ಲಿ, ಎಲ್ಲರೂ ಬಿಇ, ಎಂಟೆಕ್, ಎಂಬಿಎ, ಒಬ್ಬರಿಗೂ ಈ ನಿಯಮ ಗೊತ್ತಿರಲಿಲ್ಲ.

ಆ್ಯಪ್‌ನವರಿಗೆ ಗೊತ್ತು. ಅದಕ್ಕೇ ಅವರ ಉತ್ತರ ಸಿದ್ಧವಾಗಿದೆ: "ಸಾರ್, ನಾವು ಬರೀ ಮಧ್ಯವರ್ತಿ. ರದ್ದು ಮಾಡಿದ್ದು ಹೋಟೆಲಿನವರು." ಹೋಟೆಲಿಗೆ ಫೋನ್ ಮಾಡಿದರೆ, "ನಮ್ಮ ಕೈಯಲ್ಲಿ ಏನಿಲ್ಲ, ಆ್ಯಪ್‌ನವರನ್ನೇ ಕೇಳಿ." ನಾವು ರದ್ದು ಮಾಡಿದಾಗ ಇವರಿಬ್ಬರೂ ಒಂದೇ ಮನೆಯವರು, ದುಡ್ಡು ಮುರಿದುಕೊಂಡು ಹಂಚಿಕೊಳ್ಳುತ್ತಾರೆ. ಅವರು ರದ್ದು ಮಾಡಿದಾಗ ಮಾತ್ರ ದಾಯಾದಿಗಳಾಗಿ ಬಿಡುತ್ತಾರೆ.

ಈ ಜಗಳದ ಮಧ್ಯೆ ಸಿಕ್ಕಿಬಿದ್ದವರು ಯಾವಾಗಲೂ ಕಾರಿನಲ್ಲಿ ಹೊರಟ ವೀಕೆಂಡ್ ಗಿರಾಕಿಗಳೇ ಆಗಿರುವುದಿಲ್ಲ. ನನ್ನ ಚಿಕ್ಕಪ್ಪನ ಮಗಳು ಒಂದು ಪರೀಕ್ಷೆ ಬರೆಯುವುದಕ್ಕೆ ಹುಬ್ಬಳ್ಳಿಗೆ ಹೋಗಿದ್ದಳು. ರೈಲು ಇಳಿದಾಗ ರಾತ್ರಿ ಹನ್ನೊಂದು. ಕನ್ಫರ್ಮ್ ಆದ ಬುಕಿಂಗ್ ತೋರಿಸಿದರೆ ಲಾಡ್ಜಿನ ಕೌಂಟರಿನವನು, ಆ ಆ್ಯಪ್ ಜೊತೆ ನಮಗೆ ವ್ಯವಹಾರವೇ ಇಲ್ಲ, ರೂಮೂ ಇಲ್ಲ ಅಂದನಂತೆ. "ಅಣ್ಣ, ವಾಪಸ್ ಸ್ಟೇಷನ್ನಿಗೇ ಬಂದಿದೀನಿ, ಹೆಂಗಸರ ವೇಟಿಂಗ್ ರೂಮಲ್ಲಿದೀನಿ" ಅಂತ ಫೋನ್ ಮಾಡಿದಳು. ಬೆಳಗಿನ ತನಕ ಬ್ಯಾಗು ತಬ್ಬಿಕೊಂಡು ಕೂತಿದ್ದು ಹಾಗೇ ಪರೀಕ್ಷೆಗೆ ಹೋದಳು. ಮರುದಿನ ಅವಳ ಖಾತೆಗೆ 899 ರೂಪಾಯಿ ವಾಪಸ್ ಬಂತು. ಫುಲ್ ರಿಫಂಡ್. ಇನ್ನೇನು ಪ್ರಾಬ್ಲಮ್ಮು?

ವಿಮಾನದವರು ಹೀಗೆ ಮಾಡಿದರೆ ಏನಾಗುತ್ತದೆ ನೋಡಿ. ಕನ್ಫರ್ಮ್ ಟಿಕೆಟ್ ಇದ್ದು ಹೊತ್ತಿಗೆ ಸರಿಯಾಗಿ ಬಂದವನಿಗೆ, ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರಿಂದ ಜಾಗವಿಲ್ಲ ಎಂದರೆ, ಡಿಜಿಸಿಎ ನಿಯಮದ ಪ್ರಕಾರ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು. ಆಗದೆ 24 ಗಂಟೆಯೊಳಗಿನದನ್ನು ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಶೇ. 200, ಗರಿಷ್ಠ 10,000 ರೂಪಾಯಿ ಪರಿಹಾರ. ಅದಕ್ಕೂ ತಡವಾದರೆ ಶೇ. 400, ಗರಿಷ್ಠ 20,000. ಸೀಟಿಗೆ ಇರುವ ಈ ನಿಯಮ ಹಾಸಿಗೆಗೆ ಯಾಕಿಲ್ಲ? ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಊರಿನಲ್ಲಿ ರೂಮಿಲ್ಲದೆ ನಿಂತವಳ ಕಷ್ಟ, ಎಸಿ ಇರುವ ವಿಮಾನ ನಿಲ್ದಾಣದಲ್ಲಿ ಕೂತವನ ಕಷ್ಟಕ್ಕಿಂತ ಕಡಿಮೆಯೇ? ದೊಡ್ಡ ಹೋಟೆಲ್ ಸರಪಳಿಗಳಲ್ಲಿ ರೂಮು ಹೆಚ್ಚು ಮಾರಿಹೋದಾಗ ಅತಿಥಿಯನ್ನು ಹತ್ತಿರದ ಸಮನಾದ ಹೋಟೆಲಿಗೆ ತಮ್ಮದೇ ಖರ್ಚಿನಲ್ಲಿ ಕಳಿಸುವ ರೂಢಿ ಇದೆ. ಆ ಧಂದೆಯವರ ಭಾಷೆಯಲ್ಲಿ ಅತಿಥಿಯನ್ನು 'ವಾಕ್' ಮಾಡಿಸುವುದು ಅನ್ನುತ್ತಾರೆ. ಅಂದರೆ ಏನು ಮಾಡಬೇಕು ಅಂತ ಈ ಉದ್ಯಮಕ್ಕೆ ಗೊತ್ತಿಲ್ಲದೆ ಏನಿಲ್ಲ. ಐದು ನಕ್ಷತ್ರದ ಗಿರಾಕಿಗೆ ಅದು ರೂಢಿ, 899ರ ಗಿರಾಕಿಗೆ 'ವಿಷಾದಿಸುತ್ತೇವೆ'.

ಹೋಮ್‌ಸ್ಟೇ ನಡೆಸುವವರು ಈ ಹೊತ್ತಿಗೆ ನನ್ನ ಮೇಲೆ ಹಲ್ಲು ಕಡಿಯುತ್ತಿರಬಹುದು. ಅವರ ಅಳಲೂ ನನಗೆ ಗೊತ್ತು, ಸಕಲೇಶಪುರದ ಕಡೆ ನನ್ನ ಕಾಲೇಜಿನ ಗೆಳೆಯನೊಬ್ಬ ನಾಲ್ಕು ರೂಮಿನದು ನಡೆಸುತ್ತಾನೆ. ಆ್ಯಪ್‌ನ ಕಮಿಷನ್ನು, ನಮ್ಮನ್ನು ಕೇಳದೆ ಹಾಕುವ ಡಿಸ್ಕೌಂಟು, ಬುಕ್ ಮಾಡಿ ಬಾರದೇ ಇರುವ ಗಿರಾಕಿಗಳು. ಅದರಲ್ಲಿ ಸತ್ಯವಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223 ಕೋಟಿ, ಓಯೋಗೆ 168 ಕೋಟಿ ರೂಪಾಯಿಗಿಂತ ಹೆಚ್ಚಿನ ದಂಡ ಹಾಕಿತು. ಆದೇಶದಲ್ಲಿದ್ದ ಮುಖ್ಯ ಆಕ್ಷೇಪಗಳಲ್ಲೊಂದು, ಹೋಟೆಲುಗಳು ಬೇರೆ ಆ್ಯಪ್‌ಗಳಲ್ಲಾಗಲಿ ತಮ್ಮದೇ ವೆಬ್‌ಸೈಟಿನಲ್ಲಾಗಲಿ ಕಡಿಮೆ ದರಕ್ಕೆ ಮಾರಬಾರದು ಎಂದು ಮೇಕ್‌ಮೈಟ್ರಿಪ್–ಗೋಐಬಿಬೋ ಕರಾರಿನಲ್ಲಿ ಕಟ್ಟಿಹಾಕಿದ್ದು. ಆನೆಗಳ ಜೊತೆ ಗುದ್ದಾಡುವುದು ಸುಲಭವಲ್ಲ ಅಂತ ಒಪ್ಪುತ್ತೇನೆ. ಆದರೆ ಆನೆಯ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವುದಕ್ಕೆ ನಮ್ಮ ಅಪ್ಪನ ರೂಮೇ ಬೇಕಿತ್ತೇ? ಇನ್ನು ಪ್ರಕೃತಿ ಮುನಿದರೆ ಮಾತೇ ಬೇರೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಮಠ ಕೊಚ್ಚಿಹೋದಾಗ ಬುಕಿಂಗ್ ರದ್ದು ಮಾಡಿದವರ ಹತ್ತಿರ ಪರಿಹಾರ ಕೇಳುವವನು ಮನುಷ್ಯನೇ ಅಲ್ಲ. ನಾನು ಮಾತಾಡುತ್ತಿರುವುದು ಗುಡ್ಡ ಗಟ್ಟಿಯಾಗಿ ನಿಂತಿರುವಾಗ ಮಾತು ಕುಸಿಯುವುದರ ಬಗ್ಗೆ.

ಸರಿ, ರದ್ದಾದ ಮೆಸೇಜು ಬಂದಾಗ ಮಾಡುವುದೇನು? ಮೊಟ್ಟಮೊದಲು, ರದ್ದು ಮಾಡುವ ಬಟನ್ನನ್ನು ನೀವು ಒತ್ತಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೋಟೆಲಿನವರು ಬಹಳ ಮೆತ್ತಗೆ ಮಾತಾಡುತ್ತಾರೆ, "ಸಾರ್, ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿಬಿಡಿ, ಡೈರೆಕ್ಟಾಗಿ ಬನ್ನಿ, ನೋಡ್ಕೊಳ್ಳೋಣ." ನೀವು ಒತ್ತಿದ ಕ್ಷಣ ದಾಖಲೆಯಲ್ಲಿ ಮಾತು ಮುರಿದವರು ನೀವಾಗುತ್ತೀರಿ. ಡೇಟಾಬೇಸಿನಲ್ಲಿ 'ಯಾರು ರದ್ದು ಮಾಡಿದ್ದು' ಎಂಬ ಒಂದೇ ಒಂದು ಕಾಲಂ ಇರುತ್ತದೆ. ಆಮೇಲಿನ ನಿಮ್ಮ ಕಣ್ಣೀರು, ಫೋನ್ ಕಾಲು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಮೆಸೇಜಿನಲ್ಲಿ ಹಾಕಿ ಅನ್ನಿ. ಹಾಕದಿದ್ದರೆ ನೀವೇ ಹಾಕಿ: 'ಈಗ ಇಷ್ಟು ಗಂಟೆಗೆ ಫೋನ್ ಮಾಡಿ ರೂಮಿಲ್ಲ ಅಂದಿರಿ' ಅಂತ.

ಆಮೇಲೆ ಬೇರೆಯವರ ಫೋನಿನಿಂದ ಅದೇ ರೂಮು ಮಾರಾಟಕ್ಕಿದೆಯಾ ನೋಡಿ. ಇದ್ದರೆ ತಾರೀಖು, ಸಮಯ, ದರ ಕಾಣುವಂತೆ ಸ್ಕ್ರೀನ್‌ಶಾಟು ತೆಗೆಯಿರಿ. ನನ್ನ ಕೇಸಿನಲ್ಲಿ 'ಟೆಕ್ನಿಕಲ್ ಎರರ್' ಎಂಬ ಮಾತನ್ನು ಬಾಯಿಮುಚ್ಚಿಸಿದ್ದು ಆ ಒಂದು ಚಿತ್ರ. (ಅಂದಹಾಗೆ, ಇಲ್ಲದ ಅಭಾವ ಹುಟ್ಟಿಸಿ 'ಬೇಗ ಮಾಡಿ, ಎರಡೇ ಉಳಿದಿವೆ' ಅಂತ ಗಾಬರಿ ಪಡಿಸುವುದು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಒಂದು.) ಬೇರೆ ರೂಮು ಹುಡುಕುವ ಮುಂಚೆ ಆ್ಯಪ್‌ನವರಿಗೆ ಅಂಥದ್ದೇ ರೂಮು ನೀವೇ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ, ಒಂದೆರಡು ಗಂಟೆ ಗಡುವು ಕೊಡಿ. ಕೊಡದಿದ್ದರೆ ನೀವು ಹುಡುಕಿಕೊಳ್ಳಿ. ಆದರೆ ಸಿಟ್ಟಿನಲ್ಲಿ ಈಜುಕೊಳ ಇರುವ ರೆಸಾರ್ಟಿಗೆ ನುಗ್ಗಿ ಆ ಬಿಲ್ಲನ್ನು ಇವರ ತಲೆಗೆ ಕಟ್ಟಲು ಹೋಗಬೇಡಿ, ಅದು ನಿಲ್ಲುವುದಿಲ್ಲ. ನಷ್ಟ ಕಡಿಮೆ ಮಾಡಿಕೊಳ್ಳುವ ದಾರಿ ಇತ್ತೇ ಎಂದು ಕಾನೂನು ನೋಡುತ್ತದೆ. ಹೋದ ರೂಮಿಗೆ ಸರಿಸಮವಾದದ್ದನ್ನು ತೆಗೆದುಕೊಂಡು ಬಿಲ್ಲು ಇಟ್ಟುಕೊಳ್ಳಿ.

ರಿಫಂಡ್ ಬಂದರೆ ತೆಗೆದುಕೊಳ್ಳಿ, ಅದು ನಿಮ್ಮ ದುಡ್ಡು. ವಾಲೆಟ್ಟಿಗೆ 500 ಹಾಕುತ್ತೇವೆ, ಕೂಪನ್ ಕೊಡುತ್ತೇವೆ ಅಂದರೆ ಬೇಡ ಅನ್ನಿ. ನನಗೂ 750ರ ಕೂಪನ್ ಬಂದಿತ್ತು, ಮುಂದಿನ ಬುಕಿಂಗ್ 5,000 ದಾಟಿದರೆ ಮಾತ್ರ ನಡೆಯುವಂಥದ್ದು. ಹೊಡೆದವನೇ ಔಷಧಿ ಅಂಗಡಿಗೆ ದಾರಿ ತೋರಿಸಿ, ಅಲ್ಲೂ ಕಮಿಷನ್ ಹೊಡೆದ ಹಾಗೆ.

ಮುಂದಿನದು ದೂರು. ಪ್ರತಿ ಆ್ಯಪ್‌ಗೂ ಒಬ್ಬ ಗ್ರೀವೆನ್ಸ್ ಆಫೀಸರ್ ಇರಬೇಕು, ಹೆಸರು ಮತ್ತು ವಿಳಾಸ ಸೈಟಿನಲ್ಲಿ ಹಾಕಿರಬೇಕು. ಸಾಮಾನ್ಯವಾಗಿ ಪುಟದ ಪಾತಾಳದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿಮ್ಮ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕೆಂದು ಅದೇ 2020ರ ನಿಯಮ ಹೇಳುತ್ತದೆ. ಅದರ ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದು ನ್ಯಾಯಾಲಯವಲ್ಲ, ತೀರ್ಪು ಕೊಡುವುದಿಲ್ಲ. ಆದರೆ ಕಾಲ್ ಸೆಂಟರಿನ ಗೋಡೆ ದಾಟಿ ಕಂಪನಿಯೊಳಗೆ ಓದಬೇಕಾದವರ ಮೇಜಿಗೆ ನಿಮ್ಮ ದೂರನ್ನು ಮುಟ್ಟಿಸುತ್ತದೆ. ನನ್ನ 9,800 ಈ ಹಂತದಲ್ಲೇ, ನಾಲ್ಕು ತಿಂಗಳ ಹಗ್ಗಜಗ್ಗಾಟದ ನಂತರ, ಕೂಪನ್ನಾಗಿ ಅಲ್ಲ, ಬ್ಯಾಂಕ್ ಖಾತೆಗೇ ಬಂತು. 'ಗುಡ್‌ವಿಲ್ ಪೇಮೆಂಟ್' ಅಂತ ಬರೆದಿದ್ದರು. ಏನಾದರೂ ಕರೆದುಕೊಳ್ಳಲಿ.

ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಇಲ್ಲಿಯೇ ನಮ್ಮವರು ಹಿಂದೆ ಸರಿಯುವುದು. ಕೋರ್ಟು, ವಕೀಲರು, ಮಡಿಕೇರಿಗೆ ಅಲೆದಾಟ ಅಂತ ಕಲ್ಪಿಸಿಕೊಂಡು ಬೆದರುತ್ತಾರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದಮೇಲೆ ಚಿತ್ರವೇ ಬೇರೆ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ರೂಮು ಮಡಿಕೇರಿಯಲ್ಲಿದ್ದರೂ ಕೇಸು ಬೆಂಗಳೂರಿನಲ್ಲಿ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹಾಕಿದರಾಯಿತು. ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ಮೊದಲು ಇ-ದಾಖಿಲ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ. ವಿಡಿಯೋ ಮೂಲಕ ವಿಚಾರಣೆ ಕೇಳುವುದಕ್ಕೂ ಅವಕಾಶವಿದೆ. ಹೋಟೆಲು ಮತ್ತು ಆ್ಯಪ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಅವರ ದಾಯಾದಿ ಜಗಳವನ್ನು ಅವರು ಆಯೋಗದ ಮುಂದೆ ಆಡಿಕೊಳ್ಳಲಿ. ಬರೆಯಬೇಕಾದ ಪದ 'ಸೇವಾ ನ್ಯೂನತೆ'. ಕೇಳಬೇಕಾದ್ದು ವ್ಯತ್ಯಾಸದ ಹಣ, ಅದಕ್ಕೆ ಬಡ್ಡಿ, ಪಟ್ಟ ತೊಂದರೆಗೆ ಪರಿಹಾರ, ಖರ್ಚು. ಪರೀಕ್ಷೆಗೆ ಕಳಿಸಬೇಕಾದ ವಸ್ತುವಿಲ್ಲದ ದೂರುಗಳನ್ನು ಸಾಧ್ಯವಾದಷ್ಟೂ ಮೂರು ತಿಂಗಳೊಳಗೆ ಮುಗಿಸಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮ ಪ್ರಾಜೆಕ್ಟ್ ಡೆಡ್‌ಲೈನುಗಳ ಹಾಗೇ ಅದು, ನಂಬಿಕೊಂಡು ಕೂರಬೇಡಿ. ಆದರೆ ಕಾಯುವ ಹೊತ್ತಿನಲ್ಲಿ ನಿಮಗೆ ಖರ್ಚಿಲ್ಲ, ವಕೀಲರನ್ನು ಕಳಿಸಬೇಕಾದ ಅವರಿಗೆ ಇದೆ.

"ಹತ್ತು ಸಾವಿರಕ್ಕೆ ಇಷ್ಟೆಲ್ಲ ಯಾಕೆ ಗುರು? ನನ್ನ ಒಂದು ಗಂಟೆಯ ಬೆಲೆ ಎಷ್ಟು ಗೊತ್ತಾ?" ಅಂತ ನಮ್ಮ ಟೀಮಿನವನೊಬ್ಬ ಕೇಳಿದ. ಇದೇ ಮನುಷ್ಯ ಹತ್ತು ರೂಪಾಯಿ ಕ್ಯಾಶ್‌ಬ್ಯಾಕಿಗೆ ನಾಲ್ಕು ಆ್ಯಪ್ ಹೋಲಿಸಿ ನೋಡುವವನು. ನಿಮ್ಮ ಗಂಟೆಗೆ ಬೆಲೆ ಇದೆ, ಒಪ್ಪಿದೆ. ಇವರ ಇಡೀ ಲೆಕ್ಕಾಚಾರ ನಿಂತಿರುವುದು ಅದರ ಮೇಲೇ. ಸಂಬಳ ಬರುವವನು ಗೊಣಗಿ ಸುಮ್ಮನಾಗುತ್ತಾನೆ, ಹುಬ್ಬಳ್ಳಿಯ ವೇಟಿಂಗ್ ರೂಮಿನಲ್ಲಿ ಕೂತವಳಿಗೆ ನಿಯಮ ಗೊತ್ತಿರುವುದಿಲ್ಲ, ಹಾಗಾಗಿ ರದ್ದು ಮಾಡಿದ್ದಕ್ಕೆ ಖರ್ಚು ಸೊನ್ನೆ. ಆ ಸೊನ್ನೆಯನ್ನು ಬದಲಾಯಿಸಬಲ್ಲವರು ಇಂಗ್ಲಿಷಿನಲ್ಲಿ ಈಮೇಲ್ ಬರೆಯಬಲ್ಲ, ಲ್ಯಾಪ್‌ಟಾಪು ಇರುವ ನಾವೇ. ಇನ್ನೊಂದು ಮಾತು, ಆ ಆ್ಯಪ್‌ಗಳಲ್ಲಿ ಕೆಲಸ ಮಾಡುವ ನನ್ನ ಬಿಇ ಬಂಧುಗಳಿಗೆ: ಗಿರಾಕಿ ರದ್ದು ಮಾಡಿದರೆ ದಂಡ ಮುರಿಯುವ ಕೋಡನ್ನು ನೀವೇ ಬರೆದಿದ್ದೀರಿ, ಎಷ್ಟು ಗಂಟೆ ಮೊದಲು ಎಷ್ಟು ಶೇಕಡಾ ಎನ್ನುವ ಟೇಬಲ್ ಸಮೇತ. ಹೋಟೆಲು ರದ್ದು ಮಾಡಿದಾಗ ಅದೇ ಟೇಬಲ್ಲನ್ನು ತಿರುಗಿಸಿ ಗಿರಾಕಿಗೆ ಜಮಾ ಮಾಡುವುದು ಒಂದು ಸ್ಪ್ರಿಂಟಿನ ಕೆಲಸ.

ಸರ್ಕಾರಕ್ಕೂ ಇದು ಕಷ್ಟದ್ದೇನಲ್ಲ. ಹೋಮ್‌ಸ್ಟೇಗಳನ್ನು ನೋಂದಾಯಿಸುವುದು ನಮ್ಮ ಪ್ರವಾಸೋದ್ಯಮ ಇಲಾಖೆಯೇ. ನೋಂದಣಿಯ ಷರತ್ತುಗಳಲ್ಲಿ ಒಂದು ಸಾಲು ಸೇರಿಸಲಿ: ಕನ್ಫರ್ಮ್ ಆದ ಬುಕಿಂಗನ್ನು 72 ಗಂಟೆಯೊಳಗೆ ಮುರಿದರೆ ಸಮನಾದ ರೂಮು, ಇಲ್ಲವೇ ಎರಡರಷ್ಟು ಹಣ. ಅಪ್ಪ ಕೇಳಿದ್ದು ಅಷ್ಟೇ.

ಅಲ್ಲಿಯವರೆಗೆ ಈ ಕೆಳಗಿನ ಸಾಲುಗಳನ್ನು ಫೋನಿನ ನೋಟ್ಸಿನಲ್ಲಿ ಇಟ್ಟುಕೊಳ್ಳಿ. ರದ್ದಾದ ಮೆಸೇಜು ಬಂದ ಹತ್ತು ನಿಮಿಷದೊಳಗೆ ಹೋಟೆಲಿಗೂ ಆ್ಯಪ್‌ಗೂ ಒಟ್ಟಿಗೆ ಕಳಿಸಿ:

"ನನ್ನ ಕನ್ಫರ್ಮ್ ಆದ ಬುಕಿಂಗನ್ನು ನೀವು ಏಕಪಕ್ಷೀಯವಾಗಿ ರದ್ದು ಮಾಡಿದ್ದೀರಿ. ನಾನು ರದ್ದು ಮಾಡಿಲ್ಲ, ಮಾಡುವುದೂ ಇಲ್ಲ. ಅದೇ ತಾರೀಖಿಗೆ, ಅದೇ ಊರಿನಲ್ಲಿ, ಸಮನಾದ ರೂಮನ್ನು ಹೆಚ್ಚಿನ ಹಣವಿಲ್ಲದೆ ಎರಡು ಗಂಟೆಯೊಳಗೆ ಒದಗಿಸಿ. ಇಲ್ಲವಾದರೆ ನಾನೇ ವ್ಯವಸ್ಥೆ ಮಾಡಿಕೊಂಡು ವ್ಯತ್ಯಾಸದ ಹಣವನ್ನು ನಿಮ್ಮಿಂದ ವಸೂಲು ಮಾಡುತ್ತೇನೆ. ರಿಫಂಡ್ ಪಡೆದ ಮಾತ್ರಕ್ಕೆ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಂತೆ ಅಲ್ಲ. ನಿಮ್ಮ ಗ್ರೀವೆನ್ಸ್ ಆಫೀಸರ್ 48 ಗಂಟೆಯೊಳಗೆ ಇದಕ್ಕೆ ಸ್ವೀಕೃತಿ ಕಳಿಸಲಿ."